ಮೈಕು ಬಿಡದ ದರ್ಜಿ

ನಮ್ಮ ಯಜಮಾನರು ದರ್ಜಿ. ತಮ್ಮ ಕತ್ತರಿಯನ್ನು ನನಗೂ ಮುಟ್ಟಗೊಡದ ಮನುಷ್ಯ. ಪಕ್ಷದ ಬಾವುಟ ಹೊಲಿಯುವವರೂ ಅವರೇ, ಸಭೆಗಳಲ್ಲಿ ಮೈಕು ಹಿಡಿದು ಸ್ವಾಗತ ಕೋರುವವರೂ ಅವರೇ. ಆ ಮೈಕಿನ ಮೇಲೆ ನನ್ನ ತಂಗಿಯ ಗಂಡನಿಗೂ ಕಣ್ಣು. ಷಡ್ಡಕನ ಹೆಸರೆತ್ತಿದರೆ ಸಾಕು, ಇವರ ಹೊಟ್ಟೆ ಧಗಧಗ ಉರಿಯುತ್ತದೆ.

ಪಕ್ಷ ಒಡೆದಾಗ ಹೊಸ ಬಣದವರು ಅಂಗಡಿಗೇ ಬಂದು, "ನಿಮ್ಮನ್ನ ಅಧ್ಯಕ್ಷರನ್ನಾಗಿ ಮಾಡ್ತೀವಿ, ಬನ್ನಿ" ಎಂದರು.

ಇವರು ಸೂಜಿಗೆ ದಾರ ಪೋಣಿಸುತ್ತಲೇ, "ನನ್ನ ಷಡ್ಡಕನೂ ಬರ್ತಾನಾ?" ಎಂದರು.

"ಇಲ್ಲ."

"ಹಾಗಾದ್ರೆ ಇಲ್ಲಿ ಮೈಕು ಅವನ ಪಾಲಾಗುತ್ತಲ್ಲ! ನಾನು ಬರಲ್ಲ."

ತಂಗಿಯ ಮನೆಗೂ ಹೋಗಿ ಅವಳ ಗಂಡನನ್ನು ಕರೆದರಂತೆ; ಅಲ್ಲೂ ಅದೇ ಉತ್ತರವಂತೆ. ಹೀಗೆ ನಮ್ಮ ಬೀದಿಯಲ್ಲಿ ಪಕ್ಷ ಒಡೆಯಲೇ ಇಲ್ಲ.

ಮುಂದಿನ ಸಭೆಯಲ್ಲಿ ನಾಯಕರು ಇವರನ್ನು ವೇದಿಕೆಗೆ ಕರೆದು ನಿಷ್ಠಾವಂತರೆಂದು ಸನ್ಮಾನಿಸಿದರು. ಇವರನ್ನು ಹೊಗಳಿ ನಾಲ್ಕು ಮಾತಾಡಲೆಂದು ಮೈಕು ಕೊಟ್ಟಿದ್ದು ಷಡ್ಡಕನ ಕೈಗೆ.