ಕ್ರೊಯೇಷಿಯಾದ ಕವಿಗೆ ನಮ್ಮ ವಂದನಾರ್ಪಣೆ

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನಮ್ಮ ಪಕ್ಕದ ಮನೆಯವರು ಕ್ರೊಯೇಷಿಯಾದ ಮುದುಕರು, ಕಾರು ಕಾರ್ಖಾನೆಯಿಂದ ನಿವೃತ್ತರು. ನಾನು ಡಾಕ್ಟರ ಕೆಲಸದಿಂದ ನಿವೃತ್ತ. ಬೇಲಿಗೆ ಕೈಯೂರಿ ಮಾತಾಡುವಷ್ಟು ಬಿಡುವು ಇಬ್ಬರಿಗೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ನಾಡಿನಲ್ಲಿ ಒಬ್ಬ ಕವಿಯಿದ್ದನಂತೆ, ರಾಜಕಾರಣಿಯೂ ಹೌದಂತೆ. ಅವನ ಜೀವನವನ್ನು ಮುದುಕರು ಹನ್ನೆರಡು ಹಾಳೆ ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದರು. ಕೇಳುವವರಿಲ್ಲ. ಮೊಮ್ಮಕ್ಕಳು ಮೊದಲ ಹಾಳೆಗೇ ಫೋನು ತೆಗೆಯುತ್ತಿದ್ದರು.

"ಸಾಯೋದರೊಳಗೆ ಒಂದು ಸಲ ಜನರೆದುರು ಪೂರ್ತಿ ಓದಬೇಕು, ಡಾಕ್ಟರ್. ಅಷ್ಟೇ," ಎಂದರು.

ಜನ ತಾನೇ ಬೇಕಾದದ್ದು? ನಾನು ಕನ್ನಡ ಸಂಘದ ಅಧ್ಯಕ್ಷ. ಬಿಸಿಬೇಳೆಬಾತ್ ಇದೆ ಎಂದು ವಾಟ್ಸಾಪಿನಲ್ಲಿ ಹಾಕಿದರೆ ಲೆಸ್ಟರಿನಿಂದಲೂ ಬರುತ್ತಾರೆ. ಭಾನುವಾರ ಮೂರರಿಂದ ಐದರವರೆಗೆ ಒಂದು ಹಾಲ್ ಗೊತ್ತುಮಾಡಿದೆ.

ಸಭೆಯೆಂದ ಮೇಲೆ ಒಂದು ಕ್ರಮವಿದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು. ಹೊಗೆಯ ಅಲಾರಾಂಗೆ ಹೆದರಿ ಬ್ಯಾಟರಿ ದೀಪ ತಂದಿದ್ದೆವು. ಅದನ್ನು ಐವರು ಗಣ್ಯರು ಒಬ್ಬರು ಆರಿಸಿ ಇನ್ನೊಬ್ಬರಿಗೆ ಕೊಟ್ಟು ಸರದಿಯಂತೆ ಬೆಳಗಿದರು. ಕವಿಯ ಭಾವಚಿತ್ರಕ್ಕೆ ಹಾರ, ಕುಂಕುಮ. ಮುದುಕರಿಗೆ ಶಾಲು, ಹಣ್ಣಿನ ಬುಟ್ಟಿ. ಬುಟ್ಟಿ ತೊಡೆಯೇರಿದ ಮೇಲೆ ಹಾಳೆ ಹಿಡಿಯಲು ಅವರಿಗೆ ಕೈಯೇ ಉಳಿಯಲಿಲ್ಲ.

ಅಧ್ಯಕ್ಷ ಭಾಷಣ ಕೊನೆಗೆ ಬರಬೇಕು. ಹಸಿದವರು ಎದ್ದುಹೋಗುತ್ತಾರೆಂದು ಮುದುಕರ ಓದಿಗಿಂತ ಮೊದಲಿಗೆ ತಂದುಕೊಂಡೆ. ಆ ಕವಿಯ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ: ಅವನು ಕವಿ, ಮತ್ತು ತೀರಿಕೊಂಡಿದ್ದಾನೆ. ಅಷ್ಟರಲ್ಲೇ ನಲವತ್ತು ನಿಮಿಷ ಮಾತಾಡಿದೆ. ಎಲ್ಲಿಯೂ ತಡವರಿಸಲಿಲ್ಲ.

ಮುದುಕರು ಓದಲು ನಿಂತಾಗ ಐದಕ್ಕೆ ನಾಲ್ಕು ನಿಮಿಷ. ಕವಿ ದ್ರಾಕ್ಷಿ ಬೆಳೆಯುವ ರೈತನ ಮನೆಯಲ್ಲಿ ಹುಟ್ಟಿ, ಲ್ಯಾಟಿನ್ ಕಲಿಯಲು ಶಾಲೆಗೆ ಸೇರುವಷ್ಟರಲ್ಲಿ ಕೇರ್‌ಟೇಕರ್ ಬೀಗದ ಕೈ ಅಲ್ಲಾಡಿಸಿದ. ಐದರಿಂದ ಹಾಲ್ ಹಿಡಿದಿದ್ದ ಬ್ಯಾಡ್ಮಿಂಟನ್‌ನವರು ನೆಟ್ ಸಮೇತ ಬಾಗಿಲಲ್ಲಿದ್ದರು. ಮುದುಕರು ಹಾಳೆ ಮಡಚಿ ನನ್ನನ್ನೊಮ್ಮೆ ನೋಡಿದರು. ಊಟ ಕಾರ್ ಪಾರ್ಕಿನಲ್ಲಿ, ನಮ್ಮ ಕಾರಿನ ಡಿಕ್ಕಿಯಲ್ಲಿತ್ತು. ಎಲ್ಲರೂ ಅತ್ತ ನಡೆದರು, ಬುಟ್ಟಿಯೊಂದಿಗೆ ಅವರೂ.

ವಂದನಾರ್ಪಣೆ ಬಾಕಿಯಿತ್ತು. ಅದಿಲ್ಲದೆ ಸಭೆ ಮುಗಿಯಿತೆಂದು ಹೇಗೆ ಹೇಳುವುದು? ಮೂಲೆಗೆ ಸರಿದು ನಿಂತು, ಖಾಲಿ ಕುರ್ಚಿಗಳ ಎದುರು, ಒಬ್ಬರನ್ನೂ ಬಿಡದೆ ವಂದಿಸಿದೆ. ಶಟಲ್ ಎರಡು ಸಲ ಭುಜಕ್ಕೆ ಬಡಿಯಿತು. ಅರ್ಧ ಗಂಟೆಯಾಗಿರಬಹುದು.

ಹೊರಗೆ ಬಂದರೆ ಅರವತ್ತು ಜನ ಖಾಲಿ ತಟ್ಟೆ ಹಿಡಿದು ಗಪ್‌ಚಿಪ್ಪಾಗಿ ನಿಂತಿದ್ದಾರೆ. ಶಾಲು ಹೊದ್ದ ಮುದುಕರು ಹನ್ನೆರಡನೆಯ ಹಾಳೆ ಮಡಚುತ್ತಿದ್ದಾರೆ. ಅವರು ಓದಿ ಮುಗಿಸುವವರೆಗೂ ಸೌಟು ಎತ್ತುವುದಿಲ್ಲ ಎಂದು ನನ್ನ ಹೆಂಡತಿ ಕೂತುಬಿಟ್ಟಿದ್ದಳಂತೆ.

"ಆಮೇಲೇನಾಯ್ತು ಕವಿಗೆ?" ಎಂದು ಅವಳನ್ನೇ ಕೇಳಿದೆ.

"ತೀರ್ಕೊಂಡ. ನಿಮಗದು ಮೊದಲೇ ಗೊತ್ತಿತ್ತಲ್ಲ."

"ಅದಕ್ಕೆ ಮುಂಚೆ?"

"ಚಿಕ್ಕ ವಯಸ್ಸಲ್ಲೇ ಒಂದು ದೊಡ್ಡ ಕಾವ್ಯ ಬರೆದನಂತೆ ರೀ. ಆಮೇಲೆ ನಾಡಿನ ಆಡಳಿತ ಕೈಗೆ ಬಂತು, ಶಾಲೆ ಕೋರ್ಟು ಎಲ್ಲ ಸರಿ ಮಾಡ್ದ. ಕವಿತೆ ಮಾತ್ರ ನಿಂತೇಹೋಯ್ತಂತೆ."

"ಯಾಕಂತೆ?"

"ಹಾಳೇಲಿರ್ಲಿಲ್ಲ. ಅಧ್ಯಕ್ಷ ಭಾಷಣ ಶುರು ಮಾಡಿದ್ನೇನೋ."

ನನ್ನ ತಟ್ಟೆಗೆ ಬಂದದ್ದು ತಳ ಹತ್ತಿದ ಭಾಗ. ಮುದುಕರು ಆಗಲೇ ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು.