ಡಾರ್ಕಸ್ ಪೆಕ್ ಹಾಕಿದ ಕೆಂಪು ರಫೂ

ನನ್ನ ಅಕ್ಷರ ಚೆನ್ನಾಗಿಲ್ಲ, ಬಲ್ಲ ಪದಗಳೂ ಕಡಿಮೆ. ಹನ್ನೊಂದನೇ ವಯಸ್ಸಿಗೆ ಶಾಲೆ ಬಿಟ್ಟು ಗಿರಣಿ ಸೇರಿದವಳು, ಓದುವವರು ಸೈರಿಸಿಕೊಳ್ಳಬೇಕು. ನನ್ನ ಪಕ್ಕದಲ್ಲಿ ನೂಲುವ, ಗಿರಣಿಯ ಹುಡುಗಿಯರೆಲ್ಲ ಅತ್ತೆ ಎಂದೇ ಕರೆಯುವ ಡಾರ್ಕಸ್‌ಗೆ ಬರೆಯಲು ಬಾರದು. ಅವಳು ಹೇಳಿದ್ದಕ್ಕೆ ಏನನ್ನೂ ಕೂಡಿಸದೆ ಬರೆದಿದ್ದೇನೆ.

ಡಾರ್ಕಸ್‌ಳ ತಮ್ಮ ಏಸಾ ಪೆಕ್ ಎಂಟನೇ ವಯಸ್ಸಿಗೇ ಗಿರಣಿಗೆ ಬಂದವನು. ಬೇಸಿಗೆಯಲ್ಲಿ ಮಧ್ಯಾಹ್ನದ ಗಂಟೆ ಹೊಡೆದರೆ ಅವನ ಓರಗೆಯವರೆಲ್ಲ ಸೇತುವೆಯಿಂದ ಜಲಪಾತದ ಮಡುವಿಗೆ ಹಾರುತ್ತಿದ್ದರು. ಏಸಾ ಗಿರಣಿಯ ಮಾಡು ಹತ್ತಿ ಅಲ್ಲಿಂದ ಹಾರುತ್ತಿದ್ದ. ಬೀಳುತ್ತಲೇ ಉಸಿರು ತುಂಬಿಕೊಂಡು, ಕಾಲು ಜೋಡಿಸಿ, ಬಟ್ಟೆಗೆ ಸೂಜಿ ಇಳಿದ ಹಾಗೆ ನೀರಿಗೆ ಇಳಿಯುತ್ತಿದ್ದ. ಡಾರ್ಕಸ್ ದಡದಲ್ಲಿ ನಿಂತು ಎಣಿಸುತ್ತಿದ್ದಳು. ಹನ್ನೆರಡು ಎನ್ನುವುದರೊಳಗೆ ಅವನ ತಲೆ ಮೇಲೆ ಬರುತ್ತಿತ್ತು.

"ನೀರು ಮೆತ್ತಗಿದೆ ಅಕ್ಕ. ಮೇಸ್ತ್ರಿ ಕೈಗಿಂತ ಮೆತ್ತಗೆ," ಎನ್ನುತ್ತಿದ್ದ.

ಆ ಮಾತು ಊರೂರಿನ ಗಿರಣಿಗಳಿಗೆ ಹಬ್ಬಿತು. ಬೆಳಕು ಹರಿಯುವ ಮುಂಚೆ ಒಳಗೆ ಹೋಗಿ ಕತ್ತಲಾದ ಮೇಲೆ ಹೊರಗೆ ಬರುವ ಜನಕ್ಕೆ, ತಮ್ಮಂಥವನೊಬ್ಬ ಮಾಲೀಕನ ಅಪ್ಪಣೆ ಕೇಳದೆ ಮಾಲೀಕನ ಮಾಡಿನಿಂದ ಹಾರಿದ್ದು ಗೆದ್ದು ಬಂದಷ್ಟೇ ಆಯಿತು. ಏಸಾ ಗಿರಣಿ ಬಿಟ್ಟು, ಹಾರುವುದನ್ನೇ ಕಸುಬು ಮಾಡಿಕೊಂಡ. ಸಾರಾಯಿ ಅಂಗಡಿಯ ಹೈರಮ್ ಸ್ಲೋಕಮ್ ಅವನು ಎಂದು, ಎಲ್ಲಿ ಹಾರುತ್ತಾನೆಂದು ಚೀಟಿಗಳನ್ನು ಅಚ್ಚು ಹಾಕಿಸಿ ಹಂಚಿದ.

ಕೊನೆಯ ಸಲ ಹಾರಿದ್ದು ನವೆಂಬರಿನಲ್ಲಿ. ಜಲಪಾತದ ನೆತ್ತಿಯ ಮೇಲೆ ಸ್ಲೋಕಮ್ ಮರದ ಅಟ್ಟಣೆ ಕಟ್ಟಿಸಿದ್ದ. ಚಳಿಗೆಂದು ರಮ್ ಕುಡಿಸಿದವನೂ ಅವನೇ. ಏಸಾ ಅರ್ಧ ದಾರಿಯಲ್ಲಿ ವಾಲಿ, ಪಕ್ಕೆಯ ಮೇಲೆ ಬಿದ್ದ. ಡಾರ್ಕಸ್ ಹನ್ನೆರಡು ಎಣಿಸಿದಳು. ಮುನ್ನೂರರ ತನಕ ಎಣಿಸಿದಳು. ಆಮೇಲೆ ಮನೆಗೆ ಹೋದಳು. ಅಲ್ಲಿ ತಾಯಿ ಎದೆನೋವಿನಿಂದ ಮಲಗಿದ್ದಳು.

"ಎದ್ನಾ?"

"ಎದ್ದ ಅಮ್ಮ. ಕೆಳಗೆ, ತಿರುವಿನ ಹತ್ರ. ದೋಣಿಯವ್ರು ಹತ್ತಿಸ್ಕೊಂಡ್ರು. ಆಲ್ಬನೀಲಿ ಹಾರ್ಬೇಕಂತೆ, ಹಂಗೇ ಹೋದ."

"ಒದ್ದೆ ಕಾಲುಚೀಲದಲ್ಲೇನೇ?"

"ಬೇರೆ ಜೋಡಿ ಕೊಟ್ಟು ಕಳಿಸ್ದೆ."

ತಾಯಿ ಸಮಾಧಾನದಿಂದ ಕಣ್ಣು ಮುಚ್ಚಿದಳು. ಮಾರನೆಯ ದಿನ ಗಂಜಿ ತಂದ ನೆರೆಯವಳಿಗೆ ಇದನ್ನೇ ಹೇಳಿದಳು. ಭಾನುವಾರದ ಹೊತ್ತಿಗೆ ಇಡೀ ಊರಿಗೆ ಗೊತ್ತಾಗಿತ್ತು: ಏಸಾ ಸತ್ತಿಲ್ಲ, ನೋಡಲು ಬಂದ ದೊಡ್ಡ ಮನುಷ್ಯರಿಗೆಲ್ಲ ಟೋಪಿ ಹಾಕಿ ಹೋಗಿದ್ದಾನೆ. ಒಬ್ಬ ಅವನನ್ನು ಆಲ್ಬನಿಯಲ್ಲಿ ಕಂಡ. ಇನ್ನೊಬ್ಬ ಒಹಾಯೋದಲ್ಲಿ, ಕರಡಿಯ ಜೊತೆ ಕಂಡ. ತಾಯಿ ಜನವರಿಯಲ್ಲಿ ನಗುನಗುತ್ತಲೇ ತೀರಿಕೊಂಡಳು.

ಮಾರ್ಚಿನಲ್ಲಿ ಹೊಳೆಯ ಮೇಲಿನ ಮಂಜುಗಡ್ಡೆ ಒಡೆಯಿತು. ಒಂದು ಬೆಳಿಗ್ಗೆ ಗಿರಣಿಯ ನೀರುಚಕ್ರ ನಿಂತಿತು. ಅದರ ಮುಂದಿನ ಜಾಲರಿಗೆ ಒಂದು ಹೆಣ ಸಿಕ್ಕಿಕೊಂಡಿತ್ತು. ಮುಖ ಉಳಿದಿರಲಿಲ್ಲ. ಕಾಲುಚೀಲ ಉಳಿದಿತ್ತು. ಹಿಮ್ಮಡಿಯಲ್ಲಿ ಕೆಂಪು ಉಣ್ಣೆಯ ರಫೂ. ಬೂದು ದಾರ ಮುಗಿದಿತ್ತೆಂದು ಡಾರ್ಕಸ್ ತಾನೇ ಹಾಕಿದ್ದು. ಅವಳು ಎಡಗೈಯವಳು. ಎಳೆಗಳು ಯಾವ ಕಡೆಯಿಂದ ಶುರುವಾಗಿವೆ ಎಂದು ನೋಡಿದರೇ ಸಾಕಿತ್ತು.

"ಇವನು ನಮ್ಮ ಏಸಾ," ಎಂದಳು.

ಜನ ಮುಖ ಮುಖ ನೋಡಿಕೊಂಡರು. ಸ್ಲೋಕಮ್ ಮುಂದೆ ಬಂದ.

"ಅಲ್ಲಮ್ಮ, ಅವನು ಎದ್ದ ಅಂತ ಊರಿಗೆ ಹೇಳ್ದವಳೇ ನೀನು."

"ಅದು ಸುಳ್ಳು. ಅಮ್ಮಂಗೋಸ್ಕರ ಹೇಳ್ದೆ."

"ಬೇರೆ ಕಾಲುಚೀಲ ಕೊಟ್ಟು ಕಳಿಸ್ದೆ ಅಂದ್ಯಂತಲ್ಲ? ಹಂಗಾದ್ರೆ ಒದ್ದೇದನ್ನ ಅವನು ಬಿಸಾಕಿರ್ತಾನೆ. ಕಾಲುವೆ ತೋಡೋ ಯಾವನೋ ಅದನ್ನ ಹಾಕ್ಕೊಂಡು ನೀರಿಗೆ ಬಿದ್ದಿರ್ತಾನೆ. ಲೆಕ್ಕ ಸರಿಯಾಯ್ತಲ್ಲ?"

ಯಾರೋ ನಕ್ಕರು. "ನಮ್ಮ ಏಸಾ ನೀರಲ್ಲಿ ಸಾಯೋನಾ, ಅತ್ತೆ?" ಎಂದಳು ನೂಲುವ ಹುಡುಗಿಯೊಬ್ಬಳು, ಪ್ರೀತಿಯಿಂದಲೇ. ಡಾರ್ಕಸ್‌ಗೆ ಆ ಪ್ರೀತಿಯೇ ಹೆಚ್ಚು ಚುಚ್ಚಿತು. ಇವರಿಗೆ ಹಾರಿದವನು ಬೇಕು, ಬಿದ್ದವನು ಬೇಡ ಎಂದು ಅವಳಿಗೆ ಅಲ್ಲೇ ತಿಳಿಯಿತು.

ಪಂಚನಾಮೆ ನಡೆದದ್ದು ಸ್ಲೋಕಮ್‌ನ ಅಂಗಡಿಯಲ್ಲೇ. 'ಗುರುತು ಸಿಗದ ಗಂಡಸು' ಎಂದು ಬರೆದು, ಸ್ಮಶಾನದಲ್ಲಿ ದಿಕ್ಕಿಲ್ಲದವರ ಮೂಲೆಯಲ್ಲಿ ಹೂಳಿದರು. ಡಾರ್ಕಸ್ ಆ ಒಂದು ಕಾಲುಚೀಲ ಕೇಳಿದಳು. ಅದನ್ನೂ ಕೊಡಲಿಲ್ಲ.

ಆರು ವರ್ಷವಾಯಿತು. ಸ್ಲೋಕಮ್‌ನ ಬಾಗಿಲ ಮೇಲೆ ಈಗ ಏಸಾನ ಚಿತ್ರವಿದೆ, ಕೈ ಮೇಲೆತ್ತಿ ಹಾರುತ್ತಿರುವುದು. ಏಸಾ ಹಾರುವಾಗ ಕೈ ಎತ್ತಿದವನೇ ಅಲ್ಲ. ಮಕ್ಕಳು ಈಗ ಹಾಗೆಯೇ ಕೈ ಎತ್ತಿ ಬೇಲಿಯಿಂದ ಹಾರುತ್ತಾರೆ. ಹೋದ ವಾರ ಡಾರ್ಕಸ್ ಗೋರಿಯ ಮೇಲೆ ನೆಡಲು ಒಂದು ಹಲಗೆ ಹೊತ್ತು, ಆ ಚಿತ್ರ ಬರೆದ ಲವೆಲ್‌ನ ಬಳಿ ಹೋದಳು.

"ಏಸಾ ಪೆಕ್ ಅಂತ ಬರ್ಕೊಡು. ಅಷ್ಟೇ ಸಾಕು."

"ಅಲ್ಲಿ ಹಾರಿಸಿ ಇಲ್ಲಿ ಹೂಳ್ಲಾ, ಅತ್ತೆ? ಊರವ್ರು ನನ್ನ ಮಡುವಿಗೆ ತಳ್ತಾರೆ." ಅವನು ಕುಂಚ ಒರೆಸುತ್ತ ಅಂದ, "ಬದುಕಿದಾನೆ ಅಂತಾರಲ್ಲ, ಇರ್ಲಿ ಬಿಡು. ನಿಂಗೇನು ನಷ್ಟ?"

ಅವಳು ಹಲಗೆ ಎತ್ತಿಕೊಂಡು ಬಂದಳು. ಮಾರನೆಯ ದಿನ ಗಿರಣಿಯಲ್ಲಿ ಯಂತ್ರದ ಬಳಿ ನಿಂತು, ಕಡಿದ ಎಳೆ ಕೂಡಿಸುತ್ತ, ನನ್ನ ಕಡೆ ನೋಡದೆ ಕೇಳಿದಳು: "ನಿಂಗೆ ಅಕ್ಷರ ಬರುತ್ತಲ್ವೇನೇ?"

ಹಲಗೆ ಈಗ ನನ್ನ ಮಂಚದ ಕೆಳಗಿದೆ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅದರ ಮೇಲೆ ಕಪ್ಪು ಬಣ್ಣದಲ್ಲಿ ಏಸಾ ಪೆಕ್ ಎಂದು ಬರೆದು, ಅತ್ತೆಯ ಜೊತೆ ಹೋಗಿ ದಿಕ್ಕಿಲ್ಲದವರ ಆ ಮೂಲೆಯಲ್ಲಿ ನೆಡುತ್ತೇನೆ.