ಎದುರು ಕೂರುವ ನೀಲವ್ವಜ್ಜಿ

ನನ್ನ ಕುರ್ತಾದ ಎಡತೋಳಿನ ಮೇಲೆ ಗುರೆಳ್ಳು ಚಟ್ನಿಯ ಎರಡು ಕಪ್ಪು ಚುಕ್ಕೆಗಳಿವೆ. ಒಗೆದರೂ ಹೋಗಿಲ್ಲ. ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ನೀಲವ್ವಜ್ಜಿಯ ಖಾನಾವಳಿಯಲ್ಲಿ ಉಂಡವರನ್ನು ನೀವು ಹೀಗೆಯೇ ಗುರುತಿಸಬಹುದು.

ಗಂಡ ಮಗ್ಗದ ಶೆಡ್ಡಿಗೆ ಹೋಗುತ್ತಿದ್ದ ಕಾಲದಲ್ಲಿ, ನಾಲ್ಕು ಮಂದಿಗೆ ರೊಟ್ಟಿ ಬಡಿದು ಅಜ್ಜಿ ಶುರುಮಾಡಿದ ಖಾನಾವಳಿ ಅದು. ರೊಟ್ಟಿ, ಎಣ್ಣೆಗಾಯಿ ಬಡಿಸಿದ ಮೇಲೆ ಅವರು ನಿಮ್ಮೆದುರಿನ ಬೆಂಚಿನ ಮೇಲೆ ಕೂತುಬಿಡುತ್ತಾರೆ. ಮಗ್ಗದ ಸದ್ದಿಗೆ ಕಿವಿ ಮಂದವಾದ ಗಿರಾಕಿಗಳೊಡನೆ ಮಾತಾಡಿ ಅವರ ದನಿಯೂ ದೊಡ್ಡದು. “ತಂಗೀ, ಲಗ್ನ ಯಾವಾಗ?” ಎಂದರೆ ಉತ್ತರಕ್ಕೆ ಇಡೀ ಓಣಿ ಕಾಯುತ್ತದೆ. ನಾನೋ ಒಬ್ಬಳೇ, ಸದ್ದಿಲ್ಲದೆ ಉಣ್ಣುವವಳು. ಉತ್ತರ ತಪ್ಪಿಸಲು ಬಾಯಲ್ಲಿ ಸದಾ ತುತ್ತಿಟ್ಟುಕೊಂಡು ಎರಡು ವರ್ಷದಲ್ಲಿ ಎರಡಳತೆ ದೊಡ್ಡ ಬಟ್ಟೆಗೆ ಬಂದೆ.

ಹೋದ ವಾರ ಅವರ ಸೊಸೆ ಸುನಂದಾ ಗೋಡೆಗೆ ಬಣ್ಣ ಬಳಿಸಿದಳು. “ನೀವು ಇತಿಹಾಸದಾಗ ಎಂ.ಎ. ಅಲ್ರೀ? ಗ್ವಾಡಿ ಮ್ಯಾಲ ಹಾಕಾಕ ನಮ್ಮ ಖಾನಾವಳಿ ಇತಿಹಾಸ ಬರದ ಕೊಡ್ರಿ.”

ಎಂ.ಎ. ಪ್ರಬಂಧಕ್ಕೂ ನಾನು ಅಷ್ಟು ಶ್ರದ್ಧೆ ತೋರಿರಲಿಲ್ಲ. ಮಧ್ಯಾಹ್ನ ಊಟದ ನಡುವೆಯೇ, ಖಾನಾವಳಿಯ ಮೊಟ್ಟಮೊದಲ ಗಿರಾಕಿ ಪವಾರ ಮಾಮಾರನ್ನು ಕೇಳಿದೆ: ಈ ಎದುರು ಕೂರುವ ಪದ್ಧತಿ ಹೇಗೆ ಶುರುವಾಯಿತು? ಅತ್ತೆ, ಸೊಸೆ ಇಬ್ಬರೂ ಅಲ್ಲೇ ಇದ್ದರು.

ಮಾಮಾ ನಕ್ಕರು. “ಈಕಿ ಗೋಕಾಕ ಕಡಿಂದ ಹೊಸದಾಗಿ ಬಂದಿದ್ಲು. ಮರಾಠಿ ಒಂದೆರಡ ಮಾತಷ್ಟ ಬರತಿದ್ವು. ನಾಕನೇ ಭಾಕರಿ ಹಾಕೂ ಮುಂದ ನಾ ‘ಬಸ್, ಬಸ್’ ಅಂದ್ನಿ. ಕುಂತ ಬಿಟ್ಲು.”

‘ಬಸ್’ ಎಂದರೆ ‘ಸಾಕು’. ಮರಾಠಿಯಲ್ಲಿ ‘ಕೂತುಕೋ’ ಎನ್ನುವುದಕ್ಕೂ ಅದೇ ಮಾತು; ಅಜ್ಜಿ ಕಲಿತಿದ್ದದ್ದು ಆ ಅರ್ಥವನ್ನೇ.

“ಎಬ್ಬಸಬೇಕಿಲ್ಲೋ?” ಎಂದರು ಅಜ್ಜಿ.

“ಹ್ಯಾಂಗ ಎಬ್ಬಸ್ಲಿ? ಅಷ್ಟರಾಗ ನನ್ನ ಹೆಂಡ್ತಿ ತವರಮನಿ ಯಾವೂರು ಅಂತ ಕೇಳಾಕತ್ತಿದ್ದಿ.”

ಸುನಂದಾ ಇದಕ್ಕೇ ಕಾದಿದ್ದಳು. “ನೋಡ್ರಿ ಅತ್ತಿ, ಯಾರೂ ಕುಂದರ ಅಂದೇ ಇಲ್ಲ. ಇನ್ನ ಗಿರಾಕಿ ಮುಂದ ಕುಂದರಬ್ಯಾಡ್ರಿ. ಮೇಡಮ್ಮಾರಿಗೂ ಕಿರಿಕಿರಿ ಆಗತೈತಿ. ಹೌದಲ್ರೀ?”

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬಾಯಿಗೆ ಇನ್ನೊಂದು ತುತ್ತು ಇಟ್ಟುಕೊಂಡೆ. ಅಜ್ಜಿ ಅದನ್ನು ಹೌದೆಂದೇ ತಿಳಿದರು.

“ಎಲ್ಲಾರೂ ಕರದ ಕುಂಡ್ರಸ್ಯಾರಂತ ತಿಳದಿದ್ನೆವ್ವಾ, ಇಷ್ಟ ವರ್ಷ,” ಎಂದು ಎದ್ದು ಒಳಗೆ ಹೋದರು.

ಆ ಸಂಜೆ ಅಜ್ಜಿ ನಿಂತೇ ಬಡಿಸಿದರು. ಯಾರನ್ನೂ ಏನನ್ನೂ ಕೇಳಲಿಲ್ಲ. ನಾನು ಎರಡು ವರ್ಷ ಬಯಸಿದ್ದ ಮೌನ ಸಿಕ್ಕಿತ್ತು. ಎರಡನೆಯ ರೊಟ್ಟಿಯನ್ನು ಮಾತ್ರ ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನ ಬೆಳಿಗ್ಗೆ ಮೊದಲ ಪಂಕ್ತಿಗೇ ಹೋದೆ. ಅಜ್ಜಿ ಬಡಿಸಿ ತಿರುಗುವಷ್ಟರಲ್ಲಿ, “ಅಜ್ಜೀ, ಬಸಾ,” ಎಂದೆ. ಮರಾಠಿಯಲ್ಲಿ ‘ಕೂತುಕೊಳ್ಳಿ’ ಎನ್ನುವ ಆ ಗೌರವದ ರೂಪಕ್ಕೆ ಎರಡನೆಯ ಅರ್ಥವಿಲ್ಲ. ಆದರೂ ಅನುಮಾನ ಉಳಿಯಬಾರದೆಂದು ಕನ್ನಡದಲ್ಲೂ ಹೇಳಿದೆ, ಒಳಗಿದ್ದ ಸುನಂದಾಗೂ ಕೇಳಿಸುವಷ್ಟು ಗಟ್ಟಿಯಾಗಿ.